ಆ ಹೆಸರಿನ ಬೋರ್ಡು

1993ರ ಜನವರಿ, ಮುಂಬೈಯಲ್ಲಿ ಹಿಂದೂ-ಮುಸ್ಲಿಂ ಗಲಭೆಯ ದಿನಗಳು. ಆಗ ನಾವು ಅಲ್ಲಿನ ವಡಾಲದಲ್ಲಿದ್ದೆವು. ಒಂದು ರಾತ್ರಿ ಅಪ್ಪ ಮತ್ತು ಸೊಸೈಟಿ ಸೆಕ್ರೆಟರಿ ಸೇರಿ ಬಿಲ್ಡಿಂಗ್ ಬಾಗಿಲಲ್ಲಿದ್ದ, ಎಲ್ಲ ಮನೆಯವರ ಹೆಸರಿನ ಬೋರ್ಡು ಬಿಚ್ಚಿ ಒಳಗಿಟ್ಟರು. ಮೂರನೇ ಮಹಡಿಯಲ್ಲಿ ಹುಬ್ಬಳ್ಳಿ ಕಡೆಯ ಮುಸ್ಲಿಮರ ಮನೆಯಿತ್ತು. ಆ ಚಾಚಾ ಅಪ್ಪನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ದಿನಗಳಲ್ಲಿ ಮುಂಬೈಯ ಎಷ್ಟೋ ಬಿಲ್ಡಿಂಗುಗಳಲ್ಲಿ ಹೀಗೇ ಬೋರ್ಡು ಇಳಿಸಿದ್ದರು. ಎರಡು ತಿಂಗಳ ಆ ಗಲಭೆಯಲ್ಲಿ ಸತ್ತವರು 900 ಜನ ಅಂತ ಅದರ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಹೇಳಿತು. ಚಾಚಾ ಮನೆಯವರು ಉಳಿದರು. ಆದರೆ ಅದೇ ವರ್ಷ ಮನೆ ಮಾರಿ, ಮುಸ್ಲಿಮರೇ ಹೆಚ್ಚಿರುವ ಮುಂಬ್ರಾಗೆ ಹೋದರು.

ಬೋಸ್ನಿಯಾ ಯುದ್ಧದ ಬಗ್ಗೆ ಓದುವಾಗೆಲ್ಲ ನನಗೆ ಆ ಬೋರ್ಡೇ ನೆನಪಾಗುತ್ತದೆ. ಅಲ್ಲಿ ಪ್ರಿಯೆದೋರ್ ಅಂತ ಒಂದು ಊರು. 1992ರ ಮೇ 31ರಂದು ಅಲ್ಲಿನ ಸರ್ಬ್ ಆಡಳಿತ ರೇಡಿಯೋದಲ್ಲಿ ಒಂದು ಆಜ್ಞೆ ಹೊರಡಿಸಿತು. ಸರ್ಬರಲ್ಲದವರು, ಅಂದರೆ ಮುಖ್ಯವಾಗಿ ಮುಸ್ಲಿಮರು ಮತ್ತು ಕ್ರೊಯೇಟರು, ಮನೆಗೆ ಬಿಳಿ ಬಟ್ಟೆ ನೇತುಹಾಕಬೇಕು, ಹೊರಗೆ ಬಂದರೆ ತೋಳಿಗೆ ಬಿಳಿ ಪಟ್ಟಿ ಕಟ್ಟಬೇಕು. ಅದೇ ಹೊತ್ತಿಗೆ ಬಂತು ಅವರನ್ನು ಹಿಡಿದಿಡುವ ಒಮಾರ್ಸ್ಕಾ ಕ್ಯಾಂಪು. ಆ ತಾಲ್ಲೂಕಿನಷ್ಟು ಜಾಗದಲ್ಲೇ 3,000ಕ್ಕೂ ಹೆಚ್ಚು ಜನರನ್ನು ಕೊಂದರು.

ಬಟ್ಟೆ ಯಾಕೆ ಬೇಕಾಯಿತು ಹೇಳಿ? ಮುಖ ನೋಡಿದರೆ ಗೊತ್ತಾಗುವುದಿಲ್ಲ, ಮಾತು ಒಂದೇ, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗಿ ಊಟ ಮಾಡಿ ಬಂದವರೇ. "ಅವರದು ನೂರಾರು ವರ್ಷದ ದ್ವೇಷ ಬಿಡ್ರೀ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟು ಹಳೆಯ ದ್ವೇಷವಿದ್ದಿದ್ದರೆ ಗುರುತು ಹಚ್ಚುವ ಕೆಲಸವೇ ಇರುತ್ತಿರಲಿಲ್ಲ ಅಲ್ವಾ?

ಹಾಗಂತ ಧರ್ಮದ ಪಾತ್ರ ಏನೂ ಇಲ್ಲ ಅಂತ ಸುಮ್ನೆ ಹೇಳಿಬಿಡುವುದೂ ತಪ್ಪು. ಧರ್ಮ ಒಂದೇ ಇದ್ದ ಕಡೆಯೂ ಧರ್ಮದ ಮನೆಯವರೇ ಕೊಲೆಗೆ ಕೈಜೋಡಿಸಿದ್ದುಂಟು. ಆಫ್ರಿಕಾದ ರುವಾಂಡಾ ನೋಡಿ. ಅಲ್ಲಿನ ಹುಟು, ಟುಟ್ಸಿ ಅನ್ನುವ ಎರಡೂ ಜನಾಂಗದಲ್ಲಿ ಜಾಸ್ತಿ ಜನ ಕ್ರೈಸ್ತರೇ, ಭಾಷೆಯೂ ಒಂದೇ. ಬೆಲ್ಜಿಯಂ ಆಳ್ವಿಕೆಯಲ್ಲಿ ಬಂದ ಗುರುತಿನ ಚೀಟಿಯಲ್ಲಿ ಮಾತ್ರ ಯಾರು ಯಾರು ಅಂತ ಬರೆದಿತ್ತು. 1994ರಲ್ಲಿ ಹುಟು ಉಗ್ರರು ರಸ್ತೆ ತಡೆಗಳಲ್ಲಿ ಆ ಚೀಟಿ ನೋಡಿ ನೋಡಿ ಟುಟ್ಸಿಗಳನ್ನು ಕೊಂದರು. ನ್ಯಾಂಗೆ ಊರಿನ ಚರ್ಚಿನಲ್ಲಿ ಜೀವ ಉಳಿಸಿಕೊಳ್ಳಲು ಸೇರಿದ್ದ ಕನಿಷ್ಠ 1,500 ಟುಟ್ಸಿಗಳ ಮೇಲೆ ಬುಲ್ಡೋಜರ್‌ನಿಂದ ಚರ್ಚನ್ನೇ ಕೆಡವಿದರು. ಅದಕ್ಕೆ ಕೈಜೋಡಿಸಿದವರು ಅದೇ ಚರ್ಚಿನ ಪಾದ್ರಿ ಸೆರೊಂಬಾ. ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇವರ ಮನೆಯ ಬಾಗಿಲು ಕಾಯಬೇಕಾದವರೇ ಹಾಗೆ ಮಾಡಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಬರುವುದು ಕತ್ತಿಯಲ್ಲ, ಹೆಸರುಗಳ ಪಟ್ಟಿ. ಅದನ್ನು ಬರೆಯುವವರು ನಮ್ಮ ನಿಮ್ಮಂಥವರೇ.

ಹೋದ ವಾರ ನಮ್ಮ ಈಗಿನ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, ಬಾಡಿಗೆಗೆ ಇರುವವರು ಯಾವ ಜನ ಅಂತ ಫ್ಲಾಟ್ ಪ್ರಕಾರ ಬರೆದು ಕಳಿಸಿ ಅಂದರು. ಯಾಕೆ ಬೇಕು ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ. ನಾನಂತೂ ಬರೆದು ಕೊಡುವುದಿಲ್ಲ.