ಬಿಸಿನೀರಾ, ತಣ್ಣೀರಾ?

ನಿನ್ನೆ ಅಮ್ಮನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದೆವು. ಆಸ್ಪತ್ರೆ ಮುಗಿಸಿ ಹೊರಗೆ ಬರುವಾಗ ಹನ್ನೊಂದೂವರೆ. ದೀಪಾವಳಿ ಕಳೆದರೂ ಮಳೆ ಬಿಟ್ಟಿಲ್ಲ, ಸುರಿಯಲು ಶುರುವಾಯ್ತು. ದುರ್ಗಿಗುಡಿಯಲ್ಲಿ ಎದುರಿಗೆ ಕಂಡ ಸಣ್ಣ ಹೋಟೆಲ್ಲಿಗೆ ನುಗ್ಗಿದೆವು. ಇನ್ನೂ ಛತ್ರಿ ಮಡಚಿ ಟೇಬಲ್ ಕೆಳಗೆ ಇಟ್ಟಿರಲಿಲ್ಲ, ಸಪ್ಲೈ ಮಾಡುವ ಹುಡುಗ ಬಂದ. "ಬಿಸಿನೀರಾ, ತಣ್ಣೀರಾ?" ಅಂತ ಕೇಳಿದವನು ಅಮ್ಮನ ಕೈಯಲ್ಲಿದ್ದ ಮಾತ್ರೆ ಶೀಟು ನೋಡಿದ. ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಬಿಸಿನೀರಿಗೆ ಸ್ವಲ್ಪ ತಣ್ಣೀರು ಬೆರೆಸಿ, ಲೋಟದ ಹೊರಗಿನ ಹನಿಯನ್ನು ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸಿ ಅಮ್ಮನ ಮುಂದಿಟ್ಟ. "ಮೊದ್ಲು ಮಾತ್ರೆ ತಗಳಿ ಅಮ್ಮ, ಆಮೇಲೆ ಹೇಳಿ ಎಂತ ಬೇಕು ಅಂತ."

ಅಮ್ಮ ನೀರು ಕುಡಿದು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಇಬ್ಬರಿಗೂ ನೆನಪಾಗಿದ್ದು ಒಂದೇ ಮಧ್ಯಾಹ್ನ. ಒಂದೂವರೆ ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ, ಇವತ್ತು ಬರೆದುಬಿಡುತ್ತೇನೆ.

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವುದು ಬಹಳ ಜನಕ್ಕೆ ಗೊತ್ತು. 2024ರ ಜೂನ್‌ನಲ್ಲಿ ಅಪ್ಪ ಅಮ್ಮ ಮೊದಲ ಸಲ ಬಂದಿದ್ದರು. ಯೂರೋ ಕಪ್ ಫುಟ್‌ಬಾಲಿನ ಸಮಯ, ಊರೆಲ್ಲ ಜಾತ್ರೆ. ಆದರೆ ನಾನು ಹೇಳುತ್ತಿರುವ ದಿನ ಊರಿನಲ್ಲಿ ಪಂದ್ಯ ಇರಲಿಲ್ಲ, ನಾವು ಊಟಕ್ಕೆ ಹೋದ ಹೋಟೆಲ್ಲಿನ ಅರ್ಧ ಟೇಬಲ್ ಖಾಲಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ "ರಶ್ ಇತ್ತೇನೋ" ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಕೂತು ಇಪ್ಪತ್ತು ನಿಮಿಷ ಯಾರೂ ಈ ಕಡೆ ತಲೆ ಎತ್ತಲಿಲ್ಲ. ಒಬ್ಬಾಕೆ ನಮ್ಮ ಟೇಬಲ್ಲಿಗೆ ತಾಗಿಕೊಂಡೇ ನಾಲ್ಕು ಸಲ ಓಡಾಡಿದರು. ನಾನು ಕೈ ಎತ್ತಿದಾಗ ಸಿಕ್ಕ ಉತ್ತರ: "ಕೊಲೇಗೆ ಕೊಮ್ಟ್ ಗ್ಲೈಶ್." ಸಹೋದ್ಯೋಗಿ ಈಗ ಬರುತ್ತಾರೆ, ಇದು ನನ್ನ ಟೇಬಲ್ ಅಲ್ಲ ಅಂತ. ಅಲ್ಲಿ ಇರುವವರೆಲ್ಲ ಈ ವಾಕ್ಯ ಕೇಳಿಯೇ ಇರುತ್ತಾರೆ. ಆ ಸಹೋದ್ಯೋಗಿ ಬಂದಾಗ ನಾನು ಮೊದಲು ಕೇಳಿದ್ದು ಅಮ್ಮನಿಗೆ ಒಂದು ಲೋಟ ನಲ್ಲಿ ನೀರು. ಊಟಕ್ಕೆ ಮುಂಚೆ ಶುಗರ್ ಮಾತ್ರೆ ನುಂಗಬೇಕು ಅಂತಲೂ ಹೇಳಿದೆ. ಲೈಟುಂಗ್ಸ್‌ವಾಸರ್, ಅಂದರೆ ಕೊಳಾಯಿ ನೀರು, ನಾವು ಕೊಡುವುದಿಲ್ಲ ಅಂದರು. ಬಾಟಲಿ ತಗೊಳ್ಳಿ.

ತಗೊಂಡೆ. ಮುಕ್ಕಾಲು ಲೀಟರಿಗೆ ಏಳು ಯೂರೋ ಹತ್ತಿರ. ದುಡ್ಡು ದೊಡ್ಡದಲ್ಲ, ದುಡಿಯುತ್ತೇನೆ, ಕೊಡುತ್ತೇನೆ. ಗ್ಯಾಸ್ ಇಲ್ಲದ್ದು ಅಂತ ಬಿಡಿಸಿ ಹೇಳಿದ್ದೆ. ಇನ್ನೊಂದು ಹತ್ತು ನಿಮಿಷ ಬಿಟ್ಟು ಬಂದಿದ್ದು ಗುಳ್ಳೆ ಗುಳ್ಳೆ ನೀರು. ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದವರು ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. "ಇದು ಸೋಡಾ ಅಲ್ವನಾ" ಅಂದರು ಮೆಲ್ಲಗೆ. ಬದಲಿಸಿ ಕೊಡಿ ಅಂದರೆ ತೆರೆದ ಬಾಟಲಿ ವಾಪಸ್ ತಗೊಳ್ಳಲ್ಲ ಅಂದರು. ಕೊನೆಗೆ ನಾನು ಲೋಟ ತಗೊಂಡು ಶೌಚಾಲಯದ ವಾಶ್ ಬೇಸಿನ್ನಿನಲ್ಲಿ ನೀರು ಹಿಡಿದು ತಂದೆ. ಆ ಊರಿನ ನಲ್ಲಿ ನೀರಿನ ದೊಡ್ಡ ಪಾಲು ಬೋಡೆನ್‌ಸೇ ಸರೋವರದಿಂದ ಪೈಪಿನಲ್ಲಿ ಬರುವ ಚೊಕ್ಕ ನೀರು, ನಾವು ಮನೆಯಲ್ಲಿ ನೇರ ಅದನ್ನೇ ಕುಡಿಯುವುದು. ಆದರೆ ನಾನು ಯಾವ ಬಾಗಿಲಿಂದ ಹೊರಬಂದೆ ಅನ್ನುವುದನ್ನು ಅಮ್ಮ ನೋಡಿದ್ದರು. ಲೋಟ ಮುಟ್ಟಲಿಲ್ಲ. ಗುಳ್ಳೆ ಹೋಗಲಿ ಅಂತ ಕಾದು ಅದೇ ಸೋಡಾದಲ್ಲಿ ಇನ್ನೊಂದು ಗುಟುಕು ನುಂಗಿದರು.

ನಮ್ಮ ತೀರ್ಥಹಳ್ಳಿ ಕಡೆ ಮನೆ ಗೊತ್ತಿದ್ದವರಿಗೆ ಇದು ಎಲ್ಲಿ ತಾಗಿತು ಅಂತ ಹೇಳಬೇಕಾಗಿಲ್ಲ. ಅಡಿಕೆ ವ್ಯಾಪಾರಕ್ಕೆ ಬಂದವರಿರಲಿ, ಕರೆಂಟ್ ಮೀಟರ್ ನೋಡಲು ಬಂದವರಿರಲಿ, ದಾರಿ ತಪ್ಪಿ ಅಂಗಳಕ್ಕೆ ಬೈಕ್ ತಂದು ನಿಲ್ಲಿಸಿದ ಹುಡುಗರಿರಲಿ, ಜಗಲಿ ಹತ್ತಿದ ಕೂಡಲೇ ಮೊದಲ ಮಾತು "ಆಸ್ರಿಗೆ ಎಂತ ಬೇಕು?" ಒಂದು ಚೆಂಬು ನೀರು, ಒಂದು ಅಚ್ಚು ಬೆಲ್ಲ. ಆಮೇಲೆ ಬಂದ ಕೆಲಸ ಯಾವುದು ಅಂತ ಕೇಳುವುದು. ನನ್ನಮ್ಮ ಮದುವೆಯಾಗಿ ಬಂದಾಗಿನಿಂದ ಆ ಚೆಂಬು ಹಿಡಿದುಕೊಂಡು ಜಗಲಿಗೆ ಓಡಾಡಿದವರು. ಎಷ್ಟು ಸಾವಿರ ಜನಕ್ಕೆ ನೀರು ಕೊಟ್ಟಿದ್ದಾರೋ ಲೆಕ್ಕ ಇಟ್ಟವರಿಲ್ಲ. ಅಂಥವರು ಒಂದು ಲೋಟ ನೀರು ಕೇಳಿ ಇಲ್ಲ ಅನ್ನಿಸಿಕೊಂಡರು, ಮಗನ ಎದುರಿಗೇ.

ಊಟದ ಕಥೆ ಇನ್ನೂ ಕಷ್ಟದ್ದು. ನಮ್ಮದು ಸಸ್ಯಾಹಾರದ ಮನೆ. ಮೆನುವಿನಲ್ಲಿ ಕಾರ್ಟೋಫೆಲ್‌ಸಲಾಟ್ ಇತ್ತು, ಬೇಯಿಸಿದ ಆಲೂಗಡ್ಡೆ ಹೋಳಿನ ಸಲಾಡ್. ಇದರಲ್ಲಿ ಮಾಂಸ ಇಲ್ಲ ತಾನೆ ಅಂತ ಕೇಳಿದೆ. ಇಲ್ಲ ಅಂದರು, ನಿಂತೂ ನಿಲ್ಲದೆ, ಪಕ್ಕದ ಟೇಬಲ್ ಕಡೆ ನೋಡುತ್ತ. ಅಮ್ಮ ಅರ್ಧ ತಟ್ಟೆ ತಿಂದ ಮೇಲೆ ನನಗೇ ರುಚಿಯಲ್ಲಿ ಏನೋ ಅನುಮಾನ ಬಂದು ಮತ್ತೆ ಕೇಳಿದೆ. ಆಗ ಗೊತ್ತಾಯಿತು, ಆಲೂಗಡ್ಡೆಯನ್ನು ನೆನೆಸಿದ್ದು ದನದ ಮೂಳೆ ಕುದಿಸಿದ ಸಾರಿನಲ್ಲಿ. ಆ ಸೀಮೆಯ ಸಾಂಪ್ರದಾಯಿಕ ಪಾಕವೇ ಹಾಗೆ, ಬಿಸಿ ಮಾಂಸದ ಸಾರು ಸುರಿದೇ ಮಾಡುವುದು. ನಾನು ತಿಳಿದಿರಬೇಕಿತ್ತು ಅನ್ನುವ ನೋವು ನನಗೆ ಇದ್ದೇ ಇದೆ. ಆದರೆ ನಾನು ಕೇಳಿದ್ದೆ. ಸರಿಯಾಗಿ, ಅವರ ಭಾಷೆಯಲ್ಲೇ ಕೇಳಿದ್ದೆ. ಎರಡನೇ ಸಲ ಕೇಳಿದಾಗ ಬಂದ ಮಾತು: "ಅದರಲ್ಲಿ ಮಾಂಸದ ತುಂಡು ಇಲ್ಲವಲ್ಲ." ಕ್ಷಮಿಸಿ ಅನ್ನುವ ಒಂದು ಶಬ್ದ ಬರಲಿಲ್ಲ.

ಅದೇ ಮೆನು ಕಾರ್ಡಿನಲ್ಲಿ ಪ್ರತಿ ತಿಂಡಿಯ ಪಕ್ಕ ಸಣ್ಣ ಅಕ್ಷರಗಳು ಇದ್ದವು. ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿ ಕೊಡಲೇಬೇಕು ಅನ್ನುವುದು 2014ರ ಡಿಸೆಂಬರಿನಿಂದ ಯುರೋಪಿಯನ್ ಒಕ್ಕೂಟದಲ್ಲಿ ಜಾರಿಯಲ್ಲಿರುವ ನಿಯಮ. ಸಾಸಿವೆ, ಎಳ್ಳು, ಸೆಲರಿ, ಹಾಲು ಎಲ್ಲ ಆ ಪಟ್ಟಿಯಲ್ಲಿವೆ. ಒಳ್ಳೆಯ ನಿಯಮ, ಜೀವ ಉಳಿಸುವಂಥದ್ದು. ಮಾಂಸದ ಸಾರು ಆ ಪಟ್ಟಿಯಲ್ಲಿ ಬರುವುದಿಲ್ಲ. ಹಾಗಾಗಿ ಸಾಸಿವೆ ಬಿದ್ದಿದ್ದು ಕಾರ್ಡಿನಲ್ಲಿ ಗೊತ್ತಾಗುತ್ತದೆ, ದನ ಬಿದ್ದಿದ್ದು ಗೊತ್ತಾಗುವುದಿಲ್ಲ. ಕಾಗದ ಹೇಳದ್ದನ್ನು ಮನುಷ್ಯ ಹೇಳಬೇಕು. ಸರ್ವಿಸ್ ಅಂತ ನಾನು ಕರೆಯುವುದು ಅದನ್ನೇ.

ಅಮ್ಮ ಮನೆಗೆ ಬಂದು ಸ್ನಾನ ಮಾಡಿದರು. ರಾತ್ರಿ ಊಟ ಬೇಡ ಅಂದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಗೆಳೆಯರು ಎರಡು ಮಾತು ಹೇಳುತ್ತಾರೆ. ಒಂದು, ಅವರ ದೇಶಕ್ಕೆ ಹೋದವನು ನೀನು, ಅವರ ಪದ್ಧತಿಗೆ ಹೊಂದಿಕೊಳ್ಳಬೇಕು, ಯುರೋಪಿನಲ್ಲಿ ನೀರು ಪುಕ್ಕಟೆ ಕೊಡಲ್ಲ ಅಂತ. ಇದು ತಪ್ಪು ತಿಳುವಳಿಕೆ. ನಾನಿರುವಲ್ಲಿಂದ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ರೈನ್ ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಮುಂದಿನ ವಾರ ಅಲ್ಲಿಗೇ ಕರೆದುಕೊಂಡು ಹೋದೆ. ಕೂತ ಕೂಡಲೇ ಗಾಜಿನ ಹೂಜಿಯಲ್ಲಿ ನಲ್ಲಿ ನೀರು ಬಂತು, ಯಾರೂ ಕೇಳಿರಲಿಲ್ಲ. ಫ್ರಾನ್ಸಿನಲ್ಲಿ ಊಟದ ಜೊತೆ ಹೂಜಿ ನೀರು ಕೊಡುವುದು ಹಳೆಯ ರೂಢಿ. 2022ರ ಜನವರಿಯಿಂದಂತೂ ಕುಡಿಯುವ ನೀರು ಪುಕ್ಕಟೆ ಕೇಳಬಹುದು ಅಂತ ಹೋಟೆಲಿನವರು ಗ್ರಾಹಕರಿಗೆ ಕಾಣುವ ಹಾಗೆ ತಿಳಿಸಬೇಕು, ಅದು ಕಾನೂನು. ಸ್ಪೇನಿನಲ್ಲಿ 2022ರಲ್ಲಿ ಅಂಥದ್ದೇ ಕಾನೂನು ಬಂತು. ಇಂಗ್ಲೆಂಡಿನಲ್ಲಿ ಮದ್ಯದ ಲೈಸೆನ್ಸ್ ಇರುವ ಹೋಟೆಲು ಕೇಳಿದ ಗ್ರಾಹಕರಿಗೆ ನಲ್ಲಿ ನೀರು ಕೊಡಲೇಬೇಕು. ಜರ್ಮನಿಯಲ್ಲಿ ಆ ಕಾನೂನಿಲ್ಲ, ಅಷ್ಟೆ. ಅಲ್ಲೂ ಕೇಳಿದ ತಕ್ಷಣ ನಗುತ್ತ ನೀರು ತಂದಿಡುವ ಹೋಟೆಲುಗಳು ಇವೆ, ನಾನು ಈಗ ಹೋಗುವುದು ಅಲ್ಲಿಗೇ. ಹಾಗಾಗಿ ಸಂಸ್ಕೃತಿ ಅನ್ನುವ ದೊಡ್ಡ ಮಾತು ಇಲ್ಲಿ ಬೇಡ.

ಎರಡನೆಯದು, ಅಲ್ಲಿ ಕೆಲಸಗಾರರಿಗೆ ಮರ್ಯಾದೆ ಇದೆ, ನಮ್ಮಲ್ಲಿಯಂತೆ ಗಿರಾಕಿ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ ಅಂತ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. 2015ರಲ್ಲಿ ಗಂಟೆಗೆ 8.50 ಯೂರೋದಿಂದ ಶುರುವಾದ ಅಲ್ಲಿನ ಕನಿಷ್ಠ ಕೂಲಿ 2025ರಲ್ಲಿ 12.82 ಯೂರೋ ಆಗಿತ್ತು. ಟಿಪ್ಸ್ ಬಂದರೂ ಬಾರದಿದ್ದರೂ ಕನಿಷ್ಠ ಕೂಲಿ ಕೊಡಲೇಬೇಕು. ಅಮೆರಿಕದಲ್ಲಿ ಟಿಪ್ಸ್ ಸಿಗುವ ನೌಕರರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕೇಂದ್ರದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರ್‌ನಲ್ಲೇ ನಿಂತಿದೆ. ಬಾಕಿ ಗಿರಾಕಿಯ ಕೈಯಿಂದ ಬರಬೇಕು. ಹೊಟ್ಟೆಪಾಡಿಗೆ ನಗಬೇಕಾದ ಆ ನಗು ನನಗೆ ಬೇಡ. ಕೊರೊನಾ ಕಾಲದಲ್ಲಿ ಹೋಟೆಲ್ ಕೆಲಸ ಬಿಟ್ಟ ಎಷ್ಟೋ ಜನ ಜರ್ಮನಿಯಲ್ಲಿ ವಾಪಸ್ ಬಂದಿಲ್ಲ, ಇರುವವರ ಮೇಲೆ ಹೊರೆ ಬಿದ್ದಿದೆ, ಅದೂ ಗೊತ್ತು. ತಡವಾದರೆ ಕಾಯುತ್ತೇನೆ. ಮುಖ ಗಂಟಿಕ್ಕಿಕೊಂಡರೂ ಸಹಿಸುತ್ತೇನೆ. ಆದರೆ ಕೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೇ ಉತ್ತರ ಕೊಟ್ಟು ಒಬ್ಬರ ಬಾಯಿಗೆ ತಿನ್ನಬಾರದ್ದನ್ನು ಹಾಕಿಸಿದರೆ, ಅದಕ್ಕೂ ಕೂಲಿಗೂ ಏನು ಸಂಬಂಧ?

ಇನ್ನು ನಮ್ಮ ಕಡೆಯದ್ದನ್ನೂ ಹೇಳದೇ ಬಿಟ್ಟರೆ ಅನ್ಯಾಯವಾಗುತ್ತದೆ. ನಿನ್ನೆಯ ಆ ಹುಡುಗನ ಹತ್ತಿರ ಮಾತಾಡಿದೆ. ಬೆಳಿಗ್ಗೆ ಐದೂವರೆಗೆ ಬಂದವನು ರಾತ್ರಿ ಒಂಬತ್ತಕ್ಕೆ ಹೋಗುತ್ತಾನಂತೆ, ಮಧ್ಯೆ ಎರಡು ಗಂಟೆ ಬಿಡುವು. ಹೋಟೆಲುಗಳೂ ಸೇರಿದಂತೆ ಅಂಗಡಿ ಮುಂಗಟ್ಟುಗಳಲ್ಲಿ ದಿನಕ್ಕೆ 9 ಗಂಟೆ ಕೆಲಸ ಅಂತ ನಮ್ಮ ರಾಜ್ಯ ಕಾಯ್ದೆ ಬರೆದಿದ್ದು 1961ರಲ್ಲಿ. ನಾವು ಮಾತಾಡುತ್ತಿದ್ದಾಗಲೇ ಗಲ್ಲಾದಿಂದ ಅವನಿಗೆ ಕೂಗು ಬಂತು, ನಾನು ಇಲ್ಲಿ ಬರೆಯಲಾಗದ ಮಾತಿನಲ್ಲಿ. ಅವನು ತಿರುಗಿ ನೋಡಲೂ ಇಲ್ಲ, ಅಭ್ಯಾಸವಾಗಿದೆ. ಅಮ್ಮನಿಗೆ ಸಿಕ್ಕ ಹದವಾದ ಬಿಸಿನೀರಿನ ಹಿಂದೆ ಅವನ ಹದಿಮೂರೂವರೆ ಗಂಟೆಯ ದುಡಿಮೆ ಇದೆ. ಅವನಿಗೆ ಜರ್ಮನಿಯ ಆ ಕೂಲಿ, ಆ ವಾರದ ರಜೆ, ಗಿರಾಕಿ ಜೋರು ಮಾಡಿದರೆ "ಸ್ವಲ್ಪ ನಿಲ್ಲಿ" ಅನ್ನುವ ಧೈರ್ಯ ಎಲ್ಲ ಸಿಗಬೇಕು. ಸಿಕ್ಕ ಮೇಲೂ ಅವನು ಅಮ್ಮನ ಕೈಯಲ್ಲಿದ್ದ ಮಾತ್ರೆಯನ್ನು ನೋಡುತ್ತಾನೆ ಅಂತ ನನಗೆ ನಂಬಿಕೆ. ಅದು ಕೂಲಿಯಿಂದ ಬಂದ ಗುಣವಲ್ಲ, ಹೆದರಿಕೆಯಿಂದ ಬಂದದ್ದಂತೂ ಅಲ್ಲವೇ ಅಲ್ಲ.

ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳುವವರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಬಹಳ ಜನ ಇದ್ದೀರಿ. ದಯವಿಟ್ಟು "ಮಾಂಸ ಇದೆಯಾ" ಅಂತ ಮಾತ್ರ ಕೇಳಿ ಬಿಡಬೇಡಿ. ಫ್ಲೈಶ್‌ಬ್ರೂಹೆ ಅಂದರೆ ಮಾಂಸದ ಸಾರು, ಶ್ಪೆಕ್ ಅಂದರೆ ಹಂದಿ ಕೊಬ್ಬಿನ ಚೂರು, ಹೆಸರು ಹಿಡಿದೇ ಕೇಳಿ. ಹಸಿರು ಸಲಾಡಿನ ಮೇಲೂ ಶ್ಪೆಕ್ ಉದುರಿಸುತ್ತಾರೆ, ಸೂಪಿಗೂ ಸಾಸಿಗೂ ಸಾರು ಬೀಳುತ್ತದೆ. ಮೀನು ಮಾಂಸವಲ್ಲ ಅಂದುಕೊಂಡವರೂ ಸಿಗುತ್ತಾರೆ, ಅದನ್ನೂ ಬೇರೆಯಾಗಿ ಕೇಳಿ. ಅಡುಗೆಮನೆಗೆ ಹೋಗಿ ಕೇಳಿಕೊಂಡು ಬನ್ನಿ ಅಂತ ಒತ್ತಾಯ ಮಾಡಿ, ಸಂಕೋಚ ಬೇಡ. ನೀರಿಗೆ "ಶ್ಟಿಲ್", ಅಂದರೆ ಗ್ಯಾಸ್ ಇಲ್ಲದ್ದು, ಅನ್ನಿ, ಮುಚ್ಚಳ ತೆಗೆಯುವ ಮೊದಲೇ ಬಾಟಲಿ ನೋಡಿ. ಬ್ಯಾಗಿನಲ್ಲಿ ಮನೆಯಿಂದ ಒಂದು ಸಣ್ಣ ಬಾಟಲಿ ನೀರು ಇಟ್ಟುಕೊಳ್ಳಿ. ನಾನು ಆವತ್ತು ಇಟ್ಟುಕೊಂಡಿರಲಿಲ್ಲ.

ಆ ಹೋಟೆಲ್ ಮಾಲೀಕರಿಗೆ ಪತ್ರ ಬರೆದೆ. ದುಡ್ಡು ವಾಪಸ್ ಕೇಳಲಿಲ್ಲ. ಆಲೂಗಡ್ಡೆ ಸಲಾಡಿನ ಮುಂದೆ ಸಾರಿನ ವಿಷಯ ಒಂದು ಸಾಲು ಬರೆಯಿರಿ, ಮಾತ್ರೆ ನುಂಗುವವರಿಗೆ ನೀರು ಕೊಡಿ ಅಂತ ಮಾತ್ರ ಕೇಳಿದ್ದೆ. ಉತ್ತರ ಬಂದಿಲ್ಲ.

ಮುಂದಿನ ಜೂನ್‌ಗೆ ಮತ್ತೆ ಬನ್ನಿ ಅಂತ ಅಪ್ಪ ಅಮ್ಮನನ್ನು ಕರೆಯುತ್ತಿದ್ದೇನೆ. ಅಪ್ಪ ಹೂಂ ಅಂದಿದ್ದಾರೆ. ಅಮ್ಮ ಮಾತ್ರ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಸಮಯ, ಮನೆ ಬಿಟ್ಟು ಬರಕ್ಕಾಗಲ್ಲ ಅಂತ ಹೇಳುತ್ತಿದ್ದಾರೆ. ಆ ಸಲವೂ ಔಷಧಿ ಹೊಡೆಸುವ ಸಮಯವೇ ಆಗಿತ್ತು. ಬಂದಿದ್ದರು.