ಮೂರು ಕಾಸಿನ ಪೆನ್ಷನ್ನು, ಆರು ಕಾಸಿನ ಜೆರಾಕ್ಸು

ನಮ್ಮನೆಯಲ್ಲಿ ಪೆನ್ಷನ್ ಬರುವವರು ಇಬ್ಬರು. ಯಜಮಾನರದ್ದು ಸರ್ಕಾರಿ ಪೆನ್ಷನ್. ಡಿಎ, ಅಂದರೆ ತುಟ್ಟಿಭತ್ಯೆ, ಏರಿದಾಗಲೆಲ್ಲ ಪೇಪರಿನ ಆ ಸುದ್ದಿಯನ್ನು ಅಡುಗೆಮನೆಗೆ ಕೇಳಿಸುವ ಹಾಗೆ ಜೋರಾಗಿ ಓದುತ್ತಾರೆ. ನನ್ನದು ಕಂಪನಿ ಪೆನ್ಷನ್. ತಿಂಗಳಿಗೆ 1,829 ರೂಪಾಯಿ. 2019ರಲ್ಲಿ ಎಷ್ಟಿತ್ತೋ ಇವತ್ತಿಗೂ ಅಷ್ಟೇ. ಇಪಿಎಸ್-95 ಅನ್ನುವ ಈ ಪಿಎಫ್ ಪೆನ್ಷನ್ನಿಗೆ ಡಿಎ ಅನ್ನುವ ಗಾಳಿ ಸೋಕಿಲ್ಲ.

ಲೆಕ್ಕ ಸುಲಭ. ಸರಾಸರಿ ಸಂಬಳವನ್ನು ಸರ್ವಿಸ್ಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳಕ್ಕೂ ಒಂದು ಮಿತಿ ಇದೆ. ನನ್ನ ಕಾಲದ ಸರ್ವಿಸ್ಸಿಗೆ 2014ರ ಆಗಸ್ಟ್‌ವರೆಗೆ 6,500, ಆಮೇಲೆ 15,000. ನನ್ನ ಸಂಬಳ ಆ 15,000ವನ್ನು ದೂರದಿಂದಲೇ ನೋಡಿ ಕೈಮುಗಿದು ರಿಟೈರ್ ಆಯಿತು. ಅರವತ್ತಕ್ಕೆ ಅರಳು ಮರಳು ಅಂತಾರೆ. ಎಪ್ಪತ್ತಕ್ಕೆ ಏನು ಅನ್ನುವುದು ಈ ಭಾಗಾಕಾರ ಮಾಡಿದವರಿಗೆ ಗೊತ್ತು.

ತಮಾಷೆ ಏನೆಂದರೆ ನಾನಿದ್ದದ್ದು ಅಕೌಂಟ್ಸ್‌ನಲ್ಲಿ. ಮೊದಲ ಕಂಪನಿ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್. ನಟ್ಟು, ಬೋಲ್ಟು, ಗ್ರೀಸಿನ ವಾಸನೆ. ಅಷ್ಟೂ ಜನರ ಪಿಎಫ್ ಹಣ ಪ್ರತಿ ತಿಂಗಳು 15ರೊಳಗೆ ಕಟ್ಟಿಸುತ್ತಿದ್ದವಳು ನಾನೇ. ಕೆಲಸ ಬಿಟ್ಟವರ ತಾರೀಖನ್ನು ತಪ್ಪದೆ ಬರೆಯುತ್ತಿದ್ದೆ. 2008ರಲ್ಲಿ ನಾನು ಬಿಟ್ಟೆ. ನನ್ನ ತಾರೀಖು ಬರೆಯೋದಕ್ಕೆ ನಾನಿರಲಿಲ್ಲ.

ಇದು ಬೆಳಕಿಗೆ ಬಂದದ್ದು 58 ತುಂಬಿ ಪೆನ್ಷನ್ನಿಗೆ ಅರ್ಜಿ ಹಾಕಲು ಹೊರಟಾಗ. ಎಷ್ಟು ಕಂಪನಿ ಬದಲಿಸಿದರೂ ಪಿಎಫ್‌ಗೆ ಒಂದೇ ನಂಬರ್ ಅನ್ನುವ ಯುಎಎನ್ ಶುರುವಾದದ್ದೇ 2014ರಲ್ಲಿ. ಅದಕ್ಕೂ ಮುಂಚಿನ ಆ ಶೆಡ್ಡಿನ ಆರು ವರ್ಷ ‘ಕೆಎನ್’ ಅಂತ ಶುರುವಾಗುವ ಹಳೇ ನಂಬರಿನಲ್ಲಿ ಹಾಗೇ ಕೂತಿತ್ತು. ನಾನು ಯಾವಾಗ ಬಿಟ್ಟೆ ಅನ್ನೋದೇ ದಾಖಲೆಯಲ್ಲಿ ಇಲ್ಲ. ಅಂದರೆ ಕಾಗದದ ಪ್ರಕಾರ ನಾನು ಇನ್ನೂ ಅಲ್ಲೇ ನಟ್ಟು ಎಣಿಸುತ್ತಿದ್ದೇನೆ. ಆ ಆರು ವರ್ಷ ಸೇರದಿದ್ದರೆ ತಿಂಗಳಿಗೆ 557 ರೂಪಾಯಿ ಖೋತಾ. ಬಿಡೋದಕ್ಕೆ ಆಗುತ್ತಾ?

ಹಳೇ ಓನರ್ ಸಹಿ ಬೇಕು ಅಂದರು. ಶೆಡ್ ಹುಡುಕಿಕೊಂಡು ಹೋದರೆ ಅಲ್ಲಿ ಒಂದು ದರ್ಶಿನಿ. ಲೇತ್ ಮಿಷನ್ ಇದ್ದ ಜಾಗದಲ್ಲಿ ದೋಸೆ ಕಾವಲಿ. ಬಂದ ಕರ್ಮಕ್ಕೆ ಒಂದು ಮಸಾಲೆ ದೋಸೆ ತಿಂದು, ಕ್ಯಾಶಿಯರ್ ಹತ್ತಿರ ಕಟ್ಟಡದವರ ನಂಬರ್ ಇಸ್ಕೊಂಡು ಓನರ್ ಮನೆ ಪತ್ತೆ ಮಾಡಿದೆ. ಎಂಬತ್ತು ದಾಟಿದ್ದರು. ಬಾಗಿಲಲ್ಲಿ ನನ್ನನ್ನು ನೋಡಿದ್ದೇ ಗುರುತು ಸಿಕ್ಕಿತು. ಮುಖ ಸಣ್ಣದಾಯಿತು. “ಬೋನಸ್ ವಿಷಯ ಆಯುಧ ಪೂಜೆ ಆದ್ಮೇಲೆ ನೋಡೋಣಮ್ಮ” ಅಂದರು.

ಬೋನಸ್ ಅಲ್ಲ ಸಾರ್, ಪೆನ್ಷನ್ ಅಂತ ಬಿಡಿಸಿ ಹೇಳಿದ ಮೇಲೆ ಒಳಗೆ ಕರೆದು ಕಾಫಿ ಕೊಡಿಸಿದರು. ಮಗ ಬೀರುವಿನಿಂದ ಹಳೇ ರಬ್ಬರ್ ಸ್ಟಾಂಪ್ ಹುಡುಕಿ ತಂದ. ರಬ್ಬರು ಒಣಗಿ ಬಿರುಕು ಬಿಟ್ಟು, ಕಂಪನಿಯ ಹೆಸರಿನಲ್ಲಿ ಎರಡಕ್ಷರ ಮಾಯವಾಗಿದ್ದವು. ಪರವಾಗಿಲ್ಲ, ಕಂಪನಿಯೇ ಮಾಯವಾಗಿತ್ತಲ್ಲ. ಸಹಿ ಹಾಕಿ ಮುಗಿಸಿ ಮೆಲ್ಲಗೆ ಕೇಳಿದರು: “ಅಕೌಂಟ್ಸ್ ಮೇಡಂ, ನನಗೂ ಏನಾದ್ರೂ ಬರುತ್ತಾ ನೋಡಿ.”

ಇನ್ನು ಹೆಸರಿನ ಕಥೆ. ಒಂದು ಕಂಪನಿಯಲ್ಲಿ ಅಪ್ಪನ ಇನಿಶಿಯಲ್, ಇನ್ನೊಂದರಲ್ಲಿ ಗಂಡನ ಹೆಸರು, ಆಧಾರ್‌ನಲ್ಲಿ ಎರಡೂ ಇಲ್ಲ. ಈ ಮೂವರು ಹೆಂಗಸರೂ ನಾನೊಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಯಜಮಾನರಿಗೆ ಇದರಿಂದ ಬಹಳ ಸಂತೋಷ. ಒಬ್ಬಳನ್ನೇ ಸಂಭಾಳಿಸೋದು ಕಷ್ಟ ಅಂತ ನೋಟರಿಗೂ ಹೇಳಿದರು. ನೋಟರಿ ನಕ್ಕ. ಫೀಸು ಕಮ್ಮಿ ಮಾಡಲಿಲ್ಲ.

ಇದರ ಜೊತೆ ಎರಡನೇ ಕಂಪನಿಯವರು ಯಾವುದೋ ಒಳ್ಳೆ ಗಳಿಗೆಯಲ್ಲಿ ಸೂಪರ್‌ಆ್ಯನುಯೇಷನ್ ಅಂತ, ಅಂದರೆ ಕಂಪನಿಯದ್ದೇ ಇನ್ನೊಂದು ನಿವೃತ್ತಿ ನಿಧಿಗೆ, ಒಂದಿಷ್ಟು ಕಟ್ಟಿದ್ದರು. ಅದರಿಂದ ಮೂರು ತಿಂಗಳಿಗೊಮ್ಮೆ 1,140 ರೂಪಾಯಿ ಬರುತ್ತದೆ. ಅದಕ್ಕೆ ಬೇರೆ ಬ್ಯಾಂಕು, ಬೇರೆ ಪಾಸ್‌ಬುಕ್ಕು. ಎಸ್‌ಎಂಎಸ್ ಚಾರ್ಜು, ಅದರ ಮೇಲೆ ಜಿಎಸ್‌ಟಿ ಅಂತ ಅವರು ಹಿಡಿದುಕೊಂಡು ಉಳಿದದ್ದು ನಮಗೆ. ಬದುಕಿದ್ದೇನೆ ಅನ್ನೋದನ್ನೂ ವರ್ಷ ವರ್ಷ ಬೇರೆಯಾಗಿಯೇ ಹೇಳಬೇಕು. ಯಜಮಾನರದ್ದು ನವೆಂಬರ್. ಇಪಿಎಸ್‌ದು ಕೊಟ್ಟ ದಿನದಿಂದ ಒಂದು ವರ್ಷ. ಆ 1,140ರವರದ್ದು ಇನ್ನೊಂದು ತಾರೀಖು. ಕ್ಯಾಲೆಂಡರಿನಲ್ಲಿ ಹಾಲು, ಗ್ಯಾಸ್ ಬುಕಿಂಗ್, ಏಕಾದಶಿ ಇವುಗಳ ನಡುವೆ ‘ನಾನು ಇದ್ದೇನೆ’ ಅಂತ ಕೆಂಪಿಂಕಿನಲ್ಲಿ ಬರೆದಿಟ್ಟಿದ್ದೇನೆ.

ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದ ಮೇಲೆ ಮನೆಯಲ್ಲೇ ಕೂತು ಬದುಕಿರಬಹುದು ಅಂದರು. ಮೊದಲು ಬೆರಳಚ್ಚು. ಜೀವಮಾನವಿಡೀ ಹುಣಿಸೆಹಣ್ಣು ಕಿವುಚಿ ಪಾತ್ರೆ ತಿಕ್ಕಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಮಿಷನ್ ಕೆಂಪಗಾಗುತ್ತದೆ ಅಷ್ಟೇ. ಈಗ ಮುಖ ತೋರಿಸಿದರೂ ಆಗುತ್ತೆ ಅಂತ ಸೊಸೆ ತನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಂಡಳು. ಆಪರೇಟರ್ ಅಂತ ಮೊದಲು ಅವಳ ಮುಖ ಹಿಡಿಯಬೇಕು. ಅವಳದ್ದು ಒಂದೇ ಸಲಕ್ಕೆ ಆಯಿತು. ಆಮೇಲೆ ನನ್ನದು. ಕನ್ನಡಕ ಹಾಕಿಕೊಂಡರೆ ಗಾಜಿನಲ್ಲಿ ಟ್ಯೂಬ್‌ಲೈಟು ಹೊಳೆಯುತ್ತದೆ, ಆ್ಯಪ್ ಒಪ್ಪಲ್ಲ. ತೆಗೆದರೆ ಕಣ್ಣು ಮಿಟುಕಿಸಿ ಅಂತ ಅದು ಬರೆದು ತೋರಿಸೋದು ನನಗೆ ಕಾಣಲ್ಲ.

“ಅತ್ತೆ, ಮಿಟುಕಿಸಿ! ಈಗ, ಈಗ!”

ನಾನು ಮಿಟುಕಿಸುವ ಹೊತ್ತಿಗೆ ಅದರ ತಾಳ್ಮೆ ಮುಗಿದಿರುತ್ತಿತ್ತು. ಕಿಟಕಿ ಹತ್ತಿರ ಕೂರಿಸಿದಳು. ಹಿಂದೆ ದೇವರ ಫೋಟೋ ಬಂತು ಅಂತ ಕುರ್ಚಿ ತಿರುಗಿಸಿದಳು. ಮೊಮ್ಮಗ ಮಧ್ಯೆ ಬಂದು ತಾನೇ ಮಿಟುಕಿಸಿದ. ಸೋಫಾದಿಂದ ಯಜಮಾನರು, “ಇವಳು ಇದ್ದಾಳೆ ಅನ್ನೋದಕ್ಕೆ ನಾನೇ ಸಾಕ್ಷಿ, ಬರೆದುಕೊಡ್ತೀನಿ” ಅಂದರು. ಆ ಸಿಟ್ಟಿಗೆ ಅವರ ಕಡೆ ತಿರುಗಿ ಕಣ್ಣು ಕೆಕ್ಕರಿಸಿದೆ. ರೆಪ್ಪೆ ಬಡಿಯಿತು. ಹಸಿರು ಟಿಕ್ ಬಿತ್ತು.

ದುಡ್ಡು ಇಷ್ಟೇ ಇಷ್ಟಾದರೂ ಇದಕ್ಕೆ ಮನೆ ತುಂಬ ಗಿರಾಕಿಗಳು. ಮೊಮ್ಮಗನ ಐಸ್‌ಕ್ರೀಮು ‘ಅಜ್ಜಿ ಪೆನ್ಷನ್’ನಲ್ಲಿ, ಹೂವಿನವಳ ಬಾಕಿ ಅದರಲ್ಲೇ, ಹಬ್ಬಕ್ಕೆ ಕೆಲಸದವಳ ಸೀರೆ ಅದರಲ್ಲೇ. ಯಜಮಾನರ ದೊಡ್ಡ ಪೆನ್ಷನ್ ಕರೆಂಟು ಬಿಲ್ಲು, ಮಾತ್ರೆ ಅಂತ ಮೂಲೆ ಸೇರುತ್ತದೆ. ಅದರ ಹೆಸರು ಹೇಳಿ ಯಾರೂ ಐಸ್‌ಕ್ರೀಮ್ ತಿಂದಿಲ್ಲ. ಅವರಿಗೆ ಈ ವಿಷಯದಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿದೆ ಅಂತ ನನ್ನ ಅನುಮಾನ.

ಮೊನ್ನೆ ನನ್ನ ಫೈಲು ತೆಗೆದು ಕೂತಿದ್ದರು. ನನ್ನ ನಂತರ ಗಂಡನಿಗೆ ಅರ್ಧ ಪೆನ್ಷನ್ ಅಂತ ಓದಿಕೊಂಡರು. ಪೆನ್ನು ತಗೊಂಡು ಭಾಗಿಸಿದರು. 914 ರೂಪಾಯಿ 50 ಪೈಸೆ. ಆದರೆ 2014ರಿಂದ ಕನಿಷ್ಠ ಪೆನ್ಷನ್ ಸಾವಿರ ಮಾಡಿದ್ದಾರಲ್ಲ, ಹಾಗಾಗಿ ನಿಮಗೆ ಸಾವಿರವೇ ಸಿಗುತ್ತೆ, 85 ರೂಪಾಯಿ 50 ಪೈಸೆ ಲಾಭ ಅಂದೆ ನಾನು. ಅಕೌಂಟ್ಸ್ ಬುದ್ಧಿ ಎಲ್ಲಿ ಹೋಗುತ್ತೆ!

ಅವರು ಸ್ವಲ್ಪ ಹೊತ್ತು ಯೋಚಿಸಿದರು.

“ಅದಕ್ಕೂ ವರ್ಷ ವರ್ಷ ಕಣ್ಣು ಮಿಟುಕಿಸಬೇಕಾ?”

“ಹ್ಞೂಂ ಮತ್ತೆ.”

“ಬೇಡ ಮಾರಾಯ್ತಿ, ನೀನೇ ಇರು” ಅಂದು ಫೈಲು ಮುಚ್ಚಿದರು.