ಬ್ಯಾಂಕಾಕಿನಿಂದ ಸಿಂಗಪುರಕ್ಕೆ ರೈಲಿದೆ

"ಅಲ್ಲಿ ಟ್ರೈನೆಲ್ಲ ಇಲ್ಲ ಮೇಡಂ, ಫ್ಲೈಟೇ." ನಿನ್ನೆ ಸಂಜೆ ಒಂದು ಟೂರ್ ಆಫೀಸಿನಲ್ಲಿ ನಮ್ಮಕ್ಕನಿಗೆ ಸಿಕ್ಕ ಉತ್ತರ. ಅಕ್ಕ ಕೇಳಿದ್ದು ಇಷ್ಟೇ: ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ ಮೂರೂ ಒಂದರ ಕೆಳಗೊಂದು ಇವೆಯಲ್ಲ, ರೈಲಲ್ಲೇ ಹೋಗೋಕಾಗಲ್ವಾ ಅಂತ. ಆ ಹುಡುಗ ಕಂಪ್ಯೂಟರಿನಿಂದ ತಲೆಯೆತ್ತದೆ ಇಲ್ಲ ಅಂದುಬಿಟ್ಟ. ಪಕ್ಕದಲ್ಲೇ ಕೂತಿದ್ದೆ. ರಾತ್ರಿ ಮಲಗಿದರೂ ಸಿಟ್ಟು ಇಳಿಯಲಿಲ್ಲ. ರೈಲು ನಿಧಾನ ಅನ್ನಲಿ, ನಮ್ಮ ಪ್ಯಾಕೇಜಿನಲ್ಲಿಲ್ಲ ಅನ್ನಲಿ, ಒಪ್ಪುತ್ತೇನೆ. ಇರೋ ರೈಲನ್ನು ಇಲ್ಲ ಅನ್ನೋದಾ?

ಇದೆ. ಬ್ಯಾಂಕಾಕಿನ ಕ್ರುಂಗ್ ಥೆಪ್ ಅಪಿವಾಟ್ ನಿಲ್ದಾಣದಿಂದ ದಿನಾ ಮಧ್ಯಾಹ್ನದ ಮೇಲೆ ಹೊರಡುತ್ತದೆ. ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ರಬ್ಬರ್ ತೋಟ. ಹಾಟ್ ಯಾಯ್‌ನಲ್ಲಿ ಬುಟ್ಟಿ ಹಿಡಿದ ಹೆಂಗಸರು ಊಟ ತಿಂಡಿ ಮಾರೋಕೆ ಬರುತ್ತಾರೆ. ಆಮೇಲೆ ಪಡಾಂಗ್ ಬೆಸಾರ್, ಅಂದರೆ ಗಡಿ. ಎರಡೂ ದೇಶಗಳ ಇಮಿಗ್ರೇಶನ್ ಒಂದೇ ಸ್ಟೇಶನ್ನಿನಲ್ಲಿದೆ. ಒಂದು ಕೌಂಟರಿನಲ್ಲಿ ಥಾಯ್ಲೆಂಡ್ ಬಿಟ್ಟ ಮುದ್ರೆ, ಇನ್ನೊಂದರಲ್ಲಿ ಮಲೇಷ್ಯಾಕ್ಕೆ ಬಂದ ಮುದ್ರೆ, ಗಡಿಯಾರ ಒಂದು ಗಂಟೆ ಮುಂದಕ್ಕೆ. ಅದೇ ಸ್ಟೇಶನ್ನಿನಿಂದ ಇಟಿಎಸ್ ಎಂಬ ಎಲೆಕ್ಟ್ರಿಕ್ ರೈಲು ಕೌಲಾಲಂಪುರಕ್ಕೆ. ಅಲ್ಲಿಂದ ದಕ್ಷಿಣಕ್ಕೆ ಜೋಹೋರ್ ಬಾರುವರೆಗೂ ಹಳಿ ಇದೆ. ಜೋಹೋರ್ ಬಾರುವಿನಿಂದ ಸಮುದ್ರದ ಮೇಲಿನ ಕಾಸ್‌ವೇ ದಾಟಿದರೆ ಸಿಂಗಪುರದ ವುಡ್‌ಲ್ಯಾಂಡ್ಸ್, ಷಟಲ್ ರೈಲಿನಲ್ಲಿ ಐದೇ ನಿಮಿಷ. ಮೊದಲು ರೈಲು ಸಿಂಗಪುರದ ಊರಿನೊಳಗೆ ತಾಂಜೋಂಗ್ ಪಗಾರ್ ನಿಲ್ದಾಣದವರೆಗೂ ಹೋಗುತ್ತಿತ್ತು. ಆ ನಿಲ್ದಾಣವನ್ನು 2011ರಲ್ಲಿ ಮುಚ್ಚಿದರು. ಕೊನೆಯ ರೈಲನ್ನು ಅಲ್ಲಿಂದ ಓಡಿಸಿಕೊಂಡು ಹೋದದ್ದು ಜೋಹೋರಿನ ಸುಲ್ತಾನರೇ.

ನಮ್ಮಪ್ಪ ಬೀರೂರು-ಶಿವಮೊಗ್ಗ ಲೈನಿನಲ್ಲಿ ಗಾರ್ಡ್ ಆಗಿದ್ದರು. ಆಗ ಅದು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್. ನಮ್ಮ ಕಡೆ ಮೀಟರ್ ಗೇಜ್ ಹೋಗಿ ಕಾಲವಾಯಿತು. ಥಾಯ್ಲೆಂಡ್, ಮಲೇಷ್ಯಾದಲ್ಲಿ ಇವತ್ತಿಗೂ ಮುಖ್ಯ ಹಳಿ ಅದೇ ಒಂದು ಮೀಟರಿನದು. ಅದರ ಮೇಲೇ ಇಟಿಎಸ್ ಗಂಟೆಗೆ 140 ಕಿಲೋಮೀಟರ್ ಓಡುತ್ತದೆ. ಅಪ್ಪ ಇದ್ದಿದ್ದರೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಗ್ಗಿ ಹಳಿ ನೋಡುತ್ತಾ ನಿಂತುಬಿಡುತ್ತಿದ್ದರು. ಅಪ್ಪನ ಹತ್ತಿರ ಪಾಸ್‌ಪೋರ್ಟ್ ಇರಲಿಲ್ಲ. ಮಾಡಿಸಿಕೊಡುವಷ್ಟು ನನಗೆ ಕೈ ಓಡುವ ಹೊತ್ತಿಗೆ ಅವರೂ ಇರಲಿಲ್ಲ.

ಟೈಮ್ ಎಲ್ಲಿದೆ ಅಂತೀರಿ. ಇದನ್ನೇ ಎಲ್ಲರೂ ಹೇಳೋದು. ಬ್ಯಾಂಕಾಕಿನಿಂದ ಕೌಲಾಲಂಪುರಕ್ಕೆ ವಿಮಾನದಲ್ಲಿ ಎರಡು ಚಿಲ್ಲರೆ ಗಂಟೆ, ನಿಜ. ಆದರೆ ಹೋಟೆಲಿನಿಂದ ನಸುಕಿಗೇ ಎಬ್ಬಿಸಿ ಬಸ್ಸು ಹತ್ತಿಸುತ್ತಾರಲ್ಲ, ಅದನ್ನು ಯಾರೂ ಲೆಕ್ಕ ಹಿಡಿಯೋದಿಲ್ಲ. ಏರ್‌ಪೋರ್ಟಿನಲ್ಲಿ ಕಾಯೋದು, ಬ್ಯಾಗಿಗೆ ಕಾಯೋದು, ಮತ್ತೆ ಊರೊಳಗೆ ಬರೋದು, ಅರ್ಧ ದಿನ ಹೋಯಿತು. ರಾತ್ರಿ ರೈಲು ತಗೊಳ್ಳೋದು ನೀವು ಹೇಗಿದ್ದರೂ ಮಲಗುವ ರಾತ್ರಿಯನ್ನು. ಒಂದು ರಾತ್ರಿಯ ಹೋಟೆಲ್ ದುಡ್ಡೂ ಉಳಿಯುತ್ತೆ. ಥಾಯ್ ರೈಲು ತಡವಾಗುತ್ತೆ, ಸುಳ್ಳು ಹೇಳಲ್ಲ. ಹಾಗಂತ ಯಾವ ಟೂರಿನಲ್ಲಿ ಯಾರೂ ಯಾರಿಗೂ ಕಾಯಲ್ಲ ಹೇಳಿ?

ವಯಸ್ಸಾದವರಿಗೆ ಕಷ್ಟ ಅಂತ ಭಾವ ಅಂದರು. ಇದೇ ಭಾವ, ಅಕ್ಕ ಇವತ್ತಿಗೂ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸ್ಲೀಪರಿನಲ್ಲಿ ಹೋಗಿಬರುತ್ತಾರೆ. ಥಾಯ್ ಸೆಕೆಂಡ್ ಕ್ಲಾಸ್ ಸ್ಲೀಪರಿನಲ್ಲಿ ಮಿಡ್ಲ್ ಬರ್ತ್ ಅನ್ನೋದೇ ಇಲ್ಲ. ಕೆಳಗೊಂದು, ಮೇಲೊಂದು, ಅಷ್ಟೇ. ಸಂಜೆ ಅಟೆಂಡರ್ ಬಂದು ಎದುರುಬದುರಿನ ಸೀಟುಗಳನ್ನು ಕೂಡಿಸಿ, ತೊಳೆದ ಬಟ್ಟೆ ಹಾಸಿ, ಪರದೆ ಬಿಟ್ಟು ಹೋಗುತ್ತಾನೆ. ಕೆಳಗಿನದು ಅಗಲ, ಸ್ವಲ್ಪ ದುಡ್ಡು ಜಾಸ್ತಿ. ಇನ್ನು ಊಟ. ಅಕ್ಕ ಮೊಟ್ಟೆಯನ್ನೂ ಮುಟ್ಟೋದಿಲ್ಲ. ಥಾಯ್ಲೆಂಡಿನಲ್ಲಿ "ಜೇ" ಅಂತ ಹಳದಿ ಬಾವುಟ ಕಂಡ ಅಂಗಡಿಯಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಇರೋದಿಲ್ಲ. ಕೌಲಾಲಂಪುರದ ಕೆಎಲ್ ಸೆಂಟ್ರಲ್ ಸ್ಟೇಶನ್ನಿಂದ ಹೊರಗೆ ಬಂದರೆ ಬ್ರಿಕ್‌ಫೀಲ್ಡ್ಸ್, ಹಿಂದೆ ರೈಲ್ವೆ ಕೆಲಸದವರು ತುಂಬಿದ್ದ ಬೀದಿಗಳು. ಬಾಳೆಲೆ ಊಟ ಸಿಗುತ್ತೆ, ಶತಮಾನ ಕಂಡ ವಿವೇಕಾನಂದ ಆಶ್ರಮವೂ ಅಲ್ಲೇ ಇದೆ.

ಆದರೆ ನನ್ನ ಸಿಟ್ಟು ದುಡ್ಡಿಗೂ ಅಲ್ಲ, ಊಟಕ್ಕೂ ಅಲ್ಲ. ಬ್ಯಾಂಕಾಕ್ ಬಿಟ್ಟ ರೈಲು ಸಂಜೆಗೆ ನೊಂಗ್ ಪ್ಲಾದುಕ್ ಅನ್ನೋ ಜಂಕ್ಷನ್ ದಾಟುತ್ತದೆ. ಸಾಧಾರಣ ಸ್ಟೇಶನ್. 1942-43ರಲ್ಲಿ ಜಪಾನಿ ಸೈನ್ಯ ಬರ್ಮಾಕ್ಕೆ ಹಾಕಿಸಿದ 415 ಕಿಲೋಮೀಟರ್ ಹಳಿ ಶುರುವಾಗಿದ್ದು ಅಲ್ಲಿಂದ. ಕೆಲಸಕ್ಕೆ ಯುದ್ಧಕೈದಿಗಳ ಜೊತೆ ಮಲಯಾದ ರಬ್ಬರ್ ತೋಟಗಳಿಂದ ತಮಿಳು ಕೂಲಿಗಳನ್ನೂ ತಂದರು. ತಂದದ್ದು ಇದೇ ದಕ್ಷಿಣದ ಲೈನಿನಲ್ಲಿ, ಗೂಡ್ಸ್ ಡಬ್ಬಿಗಳಲ್ಲಿ ತುಂಬಿ. ಆ ಹಳಿಯ ದಾರಿಯಲ್ಲಿರೋ ಕಾಂಚನಬುರಿ ಊರಿನಲ್ಲಿ ಏಳು ಸಾವಿರದಷ್ಟು ಯುದ್ಧಕೈದಿಗಳ ಸಮಾಧಿಗಳಿವೆ, ಒಂದೊಂದಕ್ಕೂ ಕಲ್ಲು, ಹೂವಿನ ಗಿಡ, ಕತ್ತರಿಸಿದ ಹುಲ್ಲು. ಏಷ್ಯಾದ ಕೂಲಿಗಳು ಅದರ ಎಷ್ಟೋ ಪಟ್ಟು ಸತ್ತರು, ಲಕ್ಷದ ಹತ್ತಿರ ಅನ್ನುತ್ತಾರೆ. ಅವರಿಗೆ ಹಾಗೆ ಹೆಸರು ಕೆತ್ತಿದ ಸಾಲು ಇಲ್ಲ. ಆ ಸಮಾಧಿಗಳ ಸಾಲುಗಳ ನಡುವೆ ಓಡಾಡುತ್ತಾ ತಮಿಳು ಹೆಸರು ಹುಡುಕಿದೆ. ಸಿಗದೆ ಅಲ್ಲೇ ಅತ್ತುಬಿಟ್ಟೆ. ಬ್ಯಾಂಕಾಕಿನ ಥೊನ್‌ಬುರಿ ಸ್ಟೇಶನ್ನಿನಿಂದ ಥರ್ಡ್ ಕ್ಲಾಸ್ ಪ್ಯಾಸೆಂಜರ್ ಈಗಲೂ ಅದೇ ಹಳಿಯ ಮೇಲೆ ಕ್ವಾಯ್ ಸೇತುವೆ ದಾಟಿ ನಾಮ್ ತೋಕ್‌ವರೆಗೆ ಹೋಗುತ್ತದೆ. ಬಂಡೆಗೆ ಅಂಟಿಕೊಂಡ ಮರದ ಸೇತುವೆಯ ಮೇಲೆ ರೈಲು ನಡೆಯುವಷ್ಟು ನಿಧಾನವಾಗುತ್ತದೆ, ಕೆಳಗೆ ನದಿ.

ವಿಮಾನದಲ್ಲಿ ಮೂರು ದೇಶ ಸುತ್ತಿ ಬಂದವರಿಗೆ ಈ ತೋಟ, ಈ ಜಂಕ್ಷನ್, ಈ ಗಡಿ ಯಾವುದೂ ಕಣ್ಣಿಗೆ ಬಿದ್ದಿರೋದಿಲ್ಲ. ಅವರನ್ನು ನಾನು ಬೈಯಲ್ಲ. ಅಕ್ಕನ ಹಾಗೆ ಅವರೂ ಎಲ್ಲೋ ಒಂದು ಮೇಜಿನ ಮುಂದೆ ಕೂತು ಕೇಳಿರುತ್ತಾರೆ. ಟೂರಿನವರು ಇಲ್ಲ ಅಂದಿರುತ್ತಾರೆ, ಇವರು ನಂಬಿರುತ್ತಾರೆ. ಒಂದು ಕುಟುಂಬ ಜೀವಮಾನದಲ್ಲಿ ಒಮ್ಮೆ ಕೂಡಿಟ್ಟ ದುಡ್ಡಿನಲ್ಲಿ ಹೊರಟಾಗ ಇರೋ ದಾರಿಗಳನ್ನೆಲ್ಲ ಹೇಳಬೇಕು. ತಮ್ಮ ಹತ್ತಿರ ಇಲ್ಲದ್ದನ್ನು ಭೂಮಿ ಮೇಲೇ ಇಲ್ಲ ಅನ್ನೋ ಹಕ್ಕು ಟೂರಿನವರಿಗೆ ಯಾರು ಕೊಟ್ಟರು?

ಹೋಗುವವರಿಗೆ ನನಗೆ ಗೊತ್ತಿರೋದು: ಥಾಯ್ ರೈಲ್ವೆಯ ಟಿಕೆಟ್ ಅವರದೇ ಡಿ-ಟಿಕೆಟ್ ವೆಬ್‌ಸೈಟಿನಲ್ಲಿ, ಮಲೇಷ್ಯಾದ್ದು ಅಲ್ಲಿನ ರೈಲ್ವೆ ಕಂಪನಿ ಕೆಟಿಎಂಬಿಯ ಆಪ್‌ನಲ್ಲಿ ಸಿಗುತ್ತೆ. ಕೆಳಗಿನ ಬರ್ತ್ ಬೇಗ ಮುಗಿಯುತ್ತೆ, ಮೊದಲು ಅದನ್ನು ಹಿಡೀರಿ. ಮಲೇಷ್ಯಾ 2023ರ ಡಿಸೆಂಬರಿನಿಂದ ನಮಗೆ ವೀಸಾ ಕೇಳುತ್ತಿಲ್ಲ, ಆದರೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಇಲ್ಲಿಂದಲೇ ಮಾಡಿಸಿಕೊಂಡು ಹೊರಡಿ. ನಿಯಮ ಬದಲಾಗುತ್ತಿರುತ್ತೆ, ಹೊರಡೋ ಮುಂಚೆ ಇನ್ನೊಮ್ಮೆ ನೋಡಿ. ಏನೇ ತಿಳಿಯದಿದ್ದರೂ ಮೆಸೇಜ್ ಮಾಡಿ, ಎಷ್ಟು ಹೊತ್ತಾದರೂ ಸರಿ, ಕೂತು ಹೇಳಿಕೊಡುತ್ತೇನೆ.